ಹೆಬ್ಬೆರಳಿನಡಿಯ ಬೀಗ

ಅಲ್ಲ, ಅದು ಟೆಂಪೋ ಅಲ್ಲ, ನೀರಿನ ಟ್ಯಾಂಕರು — ಟೆಂಪೋ ಆಗಿದ್ದರೆ ಓಣಿಯ ತಿರುವಿನಲ್ಲಿ ಕೆಮ್ಮುತ್ತಿತ್ತು, ಮೋದಿನಸಾಬನ ಟೆಂಪೋದ ಆ ಮುದಿ ಕೆಮ್ಮನ್ನು ನಾಹೀದ ನಿದ್ದೆಯಲ್ಲೂ ಗುರುತಿಸಬಲ್ಲಳು, ಅದರಲ್ಲೇ ಅಲ್ಲವೇ ಈ ಹೊಲಿಗೆ ಯಂತ್ರ ಗಜೇಂದ್ರಗಡದಿಂದ ರೋಣಕ್ಕೆ ಬಂದದ್ದು, ಯಂತ್ರದ ಕಾಲನ್ನು ಮಗುವಿನಂತೆ ಅವಚಿಕೊಂಡು ಕುಳಿತ ಅವಳು ಸೂಡಿ ದಾಟುವವರೆಗೂ ಹಿಂದಿರುಗಿ ನೋಡದೆ ಬಂದದ್ದು. ಇವತ್ತು ಸಂಜೆ ಅದೇ ಟೆಂಪೋ ಅದೇ ಯಂತ್ರವನ್ನು ಮರಳಿ ಹೇರಿಕೊಂಡು ಹೋಗಲು ಬರುತ್ತದೆ, ಅಣ್ಣ ಆಶಿಕ ಬರುತ್ತಾನೆ, ಜೊತೆಗೆ ಅಮ್ಮ ಬರುತ್ತಾಳೆ, ಹೇಳಿಬಿಟ್ಟಿದ್ದ ಅವನು, ಇನ್ನೊಂದು ಸಲ ಆ ಡಬ್ಬಿ ಸುಮ್ಮಸುಮ್ಮನ ಒದರಿತಂದ್ರ ನೀನೂ ನಿನ್ನ ಮಷೀನೂ ಮನಿಗೆ, ತಿಳೀತಿಲ್ಲೋ — ಕಳೆದ ಬೇಸ್ತವಾರ ಅದು ಒದರಿತು, ಓಣಿಯ ನಾಯಿಗಳೆಲ್ಲ ಜೊತೆಗೂಡಿ ಒದರಿದವು — ಸೂಜಿಯ ಕೆಳಗೆ ಫಾಲು ಸರಿಯುತ್ತಿದೆ, ಹಸಿರು ಸೀರೆ, ಗಜೇಂದ್ರಗಡದ ಸಾವಕ್ಕ ತನ್ನ ಮಗ್ಗದಲ್ಲಿ ತಾನೇ ನೇಯ್ದು, ಮೊಮ್ಮಗಳ ಮದುವೆಗೆಂದು ಮಾರದೆ ಉಳಿಸಿಕೊಂಡದ್ದು, ನಿನ್ನ ಕಡೆ ಬಿಟ್ಟು ಹೋಗ್ತೀನವ್ವಾ, ಬಂದೋಬಸ್ತಾಗಿ ಇಡು ಅಂದು ಸೆರಗನ್ನು ಇನ್ನೊಮ್ಮೆ ಸವರಿ ಹೋದಳು ಮುದುಕಿ, ಬಂದೋಬಸ್ತು ಅನ್ನುವ ಮಾತು ಎಷ್ಟು ದೊಡ್ಡದು, ಈ ಕೋಣೆ ಎಷ್ಟು ಚಿಕ್ಕದು — ಹೊಲಿಗೆ ಓರೆಯಾಯಿತು, ಬಿಚ್ಚಬೇಕು, ಬಿಚ್ಚುತ್ತಾಳೆ, ಹೋಗುವ ದಿನವಾದರೂ ಓರೆ ಹೊಲಿಗೆ ಬಿಟ್ಟು ಹೋಗಬಾರದು.

ಹೋಗುವ ದಿನ ಎಂದು ಯಾರು ಅಂದರು, ಅವಳೇ ಅಂದುಕೊಂಡಳಲ್ಲ, ಅಂದುಕೊಳ್ಳಬಾರದು — ತಲೆಯೆತ್ತಿದರೆ ಬೀದಿಬಾಗಿಲಿನ ಪಕ್ಕದ ಮೂಲೆಯಲ್ಲಿ ಅದು ಕುಳಿತಿದೆ, ಕಳ್ಳ ಹೊಕ್ಕರೆ ಒದರಲೆಂದು ಇಟ್ಟ ಅಂಗೈಯಗಲದ ಬಿಳಿ ಡಬ್ಬಿ, ನಡುವೆ ಉಬ್ಬಿದ ಮಬ್ಬು ಪ್ಲಾಸ್ಟಿಕ್ಕು, ಅದರ ಹಿಂದೆ ಯಾರಾದರೂ ಅಲುಗಿದರೆ ಹತ್ತುವ ಕೆಂಪು ದೀಪ. ಆಶಿಕ ಹುಬ್ಬಳ್ಳಿಯ ಪೇಟೆಯಿಂದ ತಂದದ್ದು, ವಾಯರ್ ಬೇಕಿಲ್ಲ, ಗೋಡಿ ಕೊರಿಯೂದು ಬೇಕಿಲ್ಲ, ಬಾಡಗಿ ಮನಿಗೆ ಹೇಳಿ ಮಾಡಿಸಿದ್ದು ನೋಡ್ರಿ ಅಂದನಂತೆ ಅಂಗಡಿಯವನು, ಎಷ್ಟ್ ದಿನಾ ಬಾಳತೈತಿ ಅಂತ ಆಶಿಕ ಕೇಳಿದ್ದಕ್ಕೆ, ವರ್ಷದ ಗ್ಯಾರಂಟಿ ನಂದು, ಮುಂದಿಂದು ಮ್ಯಾಲಿನವಂದು ಅಂದು ನಕ್ಕನಂತೆ. ಮೊದಲ ಬೇಸಿಗೆಯಲ್ಲೇ ಹಿಂದಿನ ಅಂಟುಪಟ್ಟಿ ಕರಗಿ ಡಬ್ಬಿ ದೊಪ್ಪನೆ ಬಿತ್ತು, ಅವಳು ಸೀರೆಯಂಚಿನ ತುಂಡಿನಿಂದ ಪಟ್ಟಿ ಹೊಲಿದು ಮೊಳೆಗೆ ಬಿಗಿದಳು, ಆದ್ದರಿಂದಲೇ ಈಗ ಅದು ಕೆಂಪಂಚಿನ ಟೋಪಿ ಹಾಕಿಕೊಂಡ ಹಾಗೆ ಕಾಣುತ್ತದೆ, ಎದುರುಮನೆಯ ಮಾನವ್ವ ಅದನ್ನು ಮದುಮಗ ಎಂದೇ ಕರೆಯುತ್ತಾಳೆ, ನಿನ್ನ ಮದುಮಗ ಏನಂತಾನಬೇ ನಾಹೀದಾ, ಉಂಡಾನಿಲ್ಲೋ — ಉಣ್ಣುವುದೂ ಹೌದು, ಬ್ಯಾಟರಿ ಉಣ್ಣುತ್ತದೆ, ಕರೆಂಟು ಹೋದಾಗಲೆಲ್ಲ ಒಳಗಿನ ಬ್ಯಾಟರಿಯ ಮೇಲೆ ಬದುಕುತ್ತದೆ, ರೋಣದಲ್ಲಿ ಕರೆಂಟು ಹೋಗದ ಸಂಜೆ ಯಾವುದು. ಅದಕ ನೋಡಾಕ ಬರೂದಿಲ್ಲ, ಕಣ್ಣಿಲ್ಲ ಅದಕ್ಕ, ಅಂತ ವಿವರಿಸಿದ್ದ ಆಶಿಕ ಮೊಳೆ ಹೊಡೆಯುತ್ತ, ಬಿಸಿ ಅಷ್ಟ ತಿಳೀತೈತಿ, ಮೈಬಿಸಿ ಅದರ ಮುಂದ ಹಾದ್ರ ಒದರತೈತಿ. ಆಮೇಲೆ ಡಬ್ಬಿಯನ್ನು ಬಿಚ್ಚಿ ಒಳಗಿನ ಸಣ್ಣ ಸಣ್ಣ ಹಲ್ಲುಗಳನ್ನು ತೋರಿಸಿದ್ದ, ಬರುವಾಗ ಎಲ್ಲರ ಡಬ್ಬಿಯಲ್ಲೂ ಅವು ಒಂದೇ ಸಾಲಿನಲ್ಲಿರುತ್ತವಂತೆ, ಹಾಗೆಯೇ ಬಿಟ್ಟರೆ ಇಂಥದೇ ಡಬ್ಬಿ ಕೊಂಡ ಯಾವನ ರಿಮೋಟಿಗಾದರೂ ನಿಮ್ಮ ಮನೆ ಮಾತು ಕೇಳುತ್ತದಂತೆ, ನಿನ್ನ ಸೂಜಿ ತಾ ಇತ್ತ, ಎಂದು ಅವಳ ಸೂಜಿಯಿಂದಲೇ ಆ ಹಲ್ಲುಗಳನ್ನು ಒಂದು ಮೇಲೆ ಒಂದು ಕೆಳಗೆ ಸರಿಸಿದ, ಮಗ್ಗದ ಹಾಸಿನ ಎಳೆಗಳ ಹಾಗೆ, ಇದು ನಿನಗ ನನಗ ಇಬ್ಬರಿಗಷ್ಟ ಗೊತ್ತು — ಆಗ ಅವನ ಮುಖ ಚಿಕ್ಕಂದಿನ ಮುಖವಾಗಿತ್ತು, ಕೋಟೆಯ ಗುಡ್ಡದ ಕಲ್ಲಿನ ಸಂದಿಯಲ್ಲಿ ಗೋಲಿ ಬಚ್ಚಿಟ್ಟು ಯಾರಿಗೂ ಹೇಳಬ್ಯಾಡ ಅನ್ನುತ್ತಿದ್ದ ಮುಖ.

ಆದರೆ ರಿಮೋಟು ಎರಡು ಬಂದಿದ್ದವು. ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡವು, ಕರಿಯವು, ಎರಡೆರಡು ಗುಂಡಿ, ಒಂದರ ಮೇಲೆ ಮುಚ್ಚಿದ ಬೀಗದ ಚಿತ್ರ, ಇನ್ನೊಂದರ ಮೇಲೆ ತೆರೆದ ಬೀಗದ್ದು, ಬೆಳ್ಳಗೆ, ಎಷ್ಟು ಅಚ್ಚುಕಟ್ಟು, ಬೀಗದ ಹೊಟ್ಟೆಯಲ್ಲಿ ಕೀಲಿಕೈಯ ತೂತನ್ನು ಕೂಡ ಬರೆದಿದ್ದಾರೆ — ಒಂದನ್ನು ಅವಳ ಅಂಗೈಯಲ್ಲಿಟ್ಟ, ಇನ್ನೊಂದನ್ನು ತನ್ನ ಕೀಲಿಗೊಂಚಲಿಗೆ ಸೇರಿಸಿಕೊಂಡ, ಇದು ನನ್ನ ಹಂತ್ಯಾಕ ಇರ್ಲಿ, ಯಾಕ ಭಾಯಿ, ಇರ್ಲಿ ಅಂದ್ನೆಲ್ಲ, ಅಷ್ಟೇ ಮಾತು. ಗೊಂಚಲು ಅಂಗಿಯ ಜೇಬಿಗೆ ಇಳಿಯುವಾಗ ಆ ಮುಚ್ಚಿದ ಬೀಗ ಒಮ್ಮೆ ಬೆಳಕಿಗೆ ಹೊಳೆಯಿತು, ಅದನ್ನು ಕಂಡದ್ದೇ ಅವಳ ಕಣ್ಣ ಮುಂದೆ ನರಗುಂದ ಎದ್ದು ನಿಂತಿತು, ನರಗುಂದದ ಗಂಡನ ಮನೆ, ಬೀಗ ಅಲ್ಲಿಯೂ ಇತ್ತು, ಹೊರಗಿತ್ತು, ಅತ್ತೆ ಮದುವೆಗೋ ಸಂತೆಗೋ ಹೊರಟರೆ ಸೊಸೆಯನ್ನು ಒಳಗೆ ಬಿಟ್ಟು ಬಾಗಿಲಿಗೆ ಬೀಗ ಜಡಿದು ಹೋಗುತ್ತಿದ್ದಳು, ಸಲಾಕೆಗೆ ಬೀಗ ಬಡಿಯುವ ಆ ಸದ್ದನ್ನು ಒಳಗಿನಿಂದ ಕೇಳಿದವರಿಗೇ ಗೊತ್ತು, ಗಂಡ ಇನ್ನೊಬ್ಬಳನ್ನು ತಂದು ಇವಳನ್ನು ಬಿಟ್ಟಾಗ ಅವಳು ಅತ್ತದ್ದು ಕಡಿಮೆ, ಹೊಸಬಳಿಗೆ ಆ ಸದ್ದಿನ ಬಗ್ಗೆ ಯಾರು ಹೇಳುತ್ತಾರೆ ಎಂದು ಯೋಚಿಸಿದ್ದು ಹೆಚ್ಚು. ಆಮೇಲೆ ಗಜೇಂದ್ರಗಡ, ಅಣ್ಣನ ಮನೆ, ಪ್ರೀತಿಯ ಮನೆ, ಅಲ್ಲಿ ಬೀಗವಿಲ್ಲ, ಅಲ್ಲಿ ಎಲ್ಲರ ಕಣ್ಣಿದೆ. ಆಮೇಲೆ ಈ ರೋಣ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿ, ಮುಂದೊಂದು ಕೋಣೆ ಹಿಂದೊಂದು ಕೋಣೆ, ಹೊಲಿಗೆ ಕಲಿಯಲು ಬರುವ ಹೆಂಗಸರು, ಅವರ ಗದ್ದಲ, ಅವರ ಸುದ್ದಿ, ಅವರು ಹೋದ ಮೇಲಿನ ಸುಮ್ಮನಿರುವಿಕೆ, ಮತ್ತು ಸಂಜೆ ಮಾನವ್ವನ ಮನೆಗೆ ಹೊರಡುವಾಗ ತನ್ನ ಹೆಬ್ಬೆರಳಿನಡಿಯಲ್ಲಿ ತಾನೇ ಒತ್ತುವ ಬೀಗ — ಟುಯ್ಯಿ ಎಂದು ಪುಟ್ಟ ಸದ್ದು, ಹಕ್ಕಿಮರಿಯದಕ್ಕಿಂತ ಚಿಕ್ಕದು, ಹುಟ್ಟಿದಂದಿನಿಂದ ಅವಳು ತಾನಾಗಿ ಹಾಕಿದ ಮೊದಲ ಬೀಗ ಅದು. ಆದರೆ ಅದರ ಜೋಡಿ ಗಜೇಂದ್ರಗಡದಲ್ಲಿದೆ, ಅಣ್ಣನ ಜೇಬಿನಲ್ಲಿದೆ, ಎಲ್ಲಿಗೆ ಹೋದರೂ ಅವಳ ಬೀಗದ ಒಂದು ಕೈ ಇನ್ನೊಬ್ಬರ ಜೇಬಿನಲ್ಲೇ ಇರಬೇಕು ಅಂತ ಎಲ್ಲಿ ಬರೆದಿದೆ.

ಮತ್ತೆ ವಾಹನದ ಸದ್ದು — ಅಲ್ಲ, ನರಗುಂದದ ಬಸ್ಸು, ಹೋಗಲಿ ಅದು. ಯಾಕೆ ಬೇಸ್ತವಾರವೇ ಒದರುತ್ತದೆ, ಅದೊಂದು ತಿಳಿದಿದ್ದರೆ, ಶುಕ್ರವಾರ ಒದರುವುದಿಲ್ಲ, ಸೋಮವಾರ ಒದರುವುದಿಲ್ಲ, ಬೇಸ್ತವಾರ ಸಂಜೆ ಅವಳು ಮಾನವ್ವನ ಒಲೆಯ ಮುಂದೆ ರೊಟ್ಟಿ ಮುರಿಯುತ್ತಿರುವಾಗಲೇ ಒದರುತ್ತದೆ, ಓಡಿ ಬಂದು ನೋಡಿದರೆ ಬಾಗಿಲು ಭದ್ರ, ಕಿಟಕಿ ಭದ್ರ, ಸೀರೆಗಳು ಇಟ್ಟಲ್ಲೇ. ಇಲಿ ಇದ್ದೀತು ಅಂದಳು ಮಾನವ್ವ, ಇಲಿಗೆ ಪಂಚಾಂಗ ಗೊತ್ತೇನು. ಬ್ಯಾಟರಿ ಬದಲಿಸಿದ್ದಾಯಿತು, ಡಬ್ಬಿಯ ಮುಖ ಒರೆಸಿದ್ದಾಯಿತು, ಮನೆಯ ಮಾಲೀಕ ಅರ್ಜುನಪ್ಪ ತನ್ನ ಹೊಸ ಮೊಬೈಲಿನಿಂದ ಆಶಿಕನ ಅಂಗಡಿಗೆ ಫೋನು ಮಾಡಿ, ಮೊದಮೊದಲಿಗೆ ಮಂದಿ ಬಡಿಗಿ ಹಿಡ್ಕೊಂಡು ಓಡಿ ಬರ್ತಿದ್ರ್ಯಪಾ, ಈಗ ಕಿಟಕಿ ಹಾಕ್ಕೊಂತಾರ, ನಾಳೆ ಖರೇನ ಕಳ್ಳ ಬಂದ್ರ ಒಬ್ಬನೂ ಹಣಿಕಿ ನೋಡೂದಿಲ್ಲ ಅಂದನಂತೆ, ಆ ಮಾತೇ ಆಶಿಕನಿಗೆ ಚುಚ್ಚಿದ್ದು, ಆ ಮಾತು ನಿಜ ಕೂಡ, ಸುಳ್ಳು ಒದರುವ ಯಂತ್ರ ಯಂತ್ರವಿಲ್ಲದ್ದಕ್ಕಿಂತ ಕಡೆ. ಅಮ್ಮನದು ಮಾತ್ರ ಬೇರೆಯೇ ದಾರಿ, ಬೇಸ್ತವಾರ ಒದರತೈತಿ ಅಂದ್ರ ಅದು ಯಂತ್ರದ್ದಲ್ಲ, ಹೊರಗಿನ ಗಾಳಿ, ಏನೋ ಸೇರ್ಕೊಂಡೈತಿ ಅದರಾಗ, ನೀ ಬೇಸ್ತವಾರದ ಲೋಬಾನ ಕಮ್ಮಿ ಹಾಕ್ತೀ, ಎಂದು ದರ್ಗಾದಿಂದ ದೊಡ್ಡ ಪೊಟ್ಟಣವನ್ನೇ ತರಿಸಿ ಬಸ್ಸಿನವರ ಕೈಯಲ್ಲಿ ಕಳಿಸಿದಳು, ಕೋಣಿ ತುಂಬ ಹಿಡಿ, ಆಮ್ಯಾಲೆ ಕುಡಿಕೀನ ಆ ಡಬ್ಬಿ ಕಾಲಡಿಗೇ ಇಡು, ಅದಕ್ಕ ಮುಟ್ಟಬೇಕು ಹೊಗಿ — ನಾಹೀದ ಹಾಗೆಯೇ ಮಾಡಿದಳು, ಒದರಿತು, ಅಮ್ಮ ಇನ್ನಷ್ಟು ಕಳಿಸಿದಳು, ಇನ್ನೂ ಬೇಗ ಒದರಿತು.

ಇವತ್ತೂ ಬೇಸ್ತವಾರ. ಬೆಳಕು ಗೋಡೆಯಿಂದ ಕೆಳಗಿಳಿದು ಯಂತ್ರದ ಚಕ್ರದ ಮೇಲೆ ಬಂದಿದೆ, ಸಾವಕ್ಕನ ಸೀರೆಯ ಫಾಲು ಮುಗಿಯಿತು, ಮಡಿಸಿ ಎದೆಗೊತ್ತಿ ಪೆಟ್ಟಿಗೆಯಲ್ಲಿಡುತ್ತಾಳೆ, ಫ್ಯಾನು ನಿಂತಿತು, ಕರೆಂಟು ಹೋಯಿತು, ಸ್ವಿಚ್ಚು ಹಾಕಿಯೇ ಇದೆ, ಇರಲಿ ಬಿಡು. ಅಮ್ಮ ಬಂದವಳೇ ಮೂಗೆಳೆದು ನೋಡುತ್ತಾಳೆ, ಆದ್ದರಿಂದ ಒಲೆಯ ಕೆಂಡವನ್ನು ಮಣ್ಣಿನ ಕುಡಿಕೆಗೆ ಹಾಕಿ ಲೋಬಾನ ಉದುರಿಸುತ್ತಾಳೆ, ಚಟಚಟ, ಬಿಳಿ ಹೊಗೆ, ಆಹಾ ಈ ವಾಸನೆಗೆ ಅಪ್ಪ ಸೇರಿದ್ದಾನೆ, ಗಜೇಂದ್ರಗಡದ ಹಳೆಯ ಮನೆಯ ಮಾಡಿನ ಕತ್ತಲೆ ಸೇರಿದೆ, ನರಗುಂದದ ಬೀಗ ಬಿದ್ದ ಮನೆಯಲ್ಲಿ ಕೂಡ ಈ ಹೊಗೆಗೆ ಮಾತ್ರ ಹೊರಗೆ ಹೋಗುವ ದಾರಿ ಗೊತ್ತಿತ್ತು, ಮೂಲೆಮೂಲೆಗೆ ಹಿಡಿದು ಕೊನೆಗೆ ಕುಡಿಕೆಯನ್ನು ಡಬ್ಬಿಯ ಕೆಳಗೆ ಇಟ್ಟು ಹಿಂದಿನ ಕೋಣೆಗೆ ಬಂದಾಗ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಬೀಗವನ್ನು ಒತ್ತಿತು, ಟುಯ್ಯಿ — ಮಾನವ್ವನ ಮನೆಗೆ ಇವತ್ತು ಹೋಗುವುದಿಲ್ಲ, ಟ್ರಂಕು ತುಂಬಬೇಕು, ತುಂಬಬೇಕೇ, ತುಂಬುವುದಿಲ್ಲ, ಕೈಯಲ್ಲಿ ಒಂದು ಕುಪ್ಪಸ ಹಿಡಿದು ನಿಂತಿದ್ದಾಳೆ, ನಡುಬಾಗಿಲಿಗೆ ಇಳಿಬಿಟ್ಟ ಕೌದಿಯ ಅಂಚಿನ ಸೀಳಿನಿಂದ ಮುಂದಿನ ಕೋಣೆ ಒಂದು ಪಟ್ಟಿಯಷ್ಟು ಕಾಣುತ್ತಿದೆ, ಕುಡಿಕೆಯ ಕೆಂಡ, ಅದರ ಮೇಲೆ ಹೊಗೆ, ನೇರ, ನೂಲು ಎಳೆದು ಕಟ್ಟಿದ ಹಾಗೆ ನೇರ, ಎಷ್ಟು ಚೆಂದ, ಅಲುಗುವುದೇ ಇಲ್ಲ — ಕರೆಂಟು ಬಂತು. ಬಲ್ಬು ಹತ್ತಿತು, ಫ್ಯಾನು ನರಳಿ ಒಂದು ಸುತ್ತು, ಎರಡು ಸುತ್ತು, ಹೊಗೆಯ ನೂಲು ಬಾಗಿತು, ಹರಿಯಿತು, ಕೆಂಡದ ಬೂದಿ ಹಾರಿ ಕೆಂಪಾಗಿ ಉಸಿರಾಡಿತು, ಬಿಸಿ ಹೊಗೆಯೆಲ್ಲ ಒಂದು ಮೈಯಾಗಿ ಗೋಡೆಗುಂಟ ಎದ್ದು ಡಬ್ಬಿಯ ಮುಂದೆ ಹಾದುಹೋಯಿತು, ಯಾರೋ ಹಾದುಹೋದ ಹಾಗೆಯೇ ಹಾದುಹೋಯಿತು, ಕೋಣೆಯಲ್ಲಿ ಯಾರೂ ಇಲ್ಲ, ಕೆಂಪು ದೀಪ ಹತ್ತಿತು — ಅದಕ್ಕ ಕಣ್ಣಿಲ್ಲ, ಬಿಸಿ ಅಷ್ಟ ತಿಳೀತೈತಿ — ಅಯ್ಯೋ, ಇದೇ, ಇದೇ, ಎಲ್ಲ ಬೇಸ್ತವಾರವೂ ಇದೇ, ಕಣ್ಣ ಮುಂದೆಯೇ ಇತ್ತು, ನೋಡಲು ಮನೆಯಲ್ಲಿ ತಾನಿರಲಿಲ್ಲ ಅಷ್ಟೇ, ಎನ್ನುವಷ್ಟರಲ್ಲಿ ಸೈರನ್ನು ಕಿವಿ ಹರಿಯುವಂತೆ ಒದರಿತು, ನಾಯಿಗಳು ಒದರಿದವು, ಎಲ್ಲೋ ಒಂದು ಕಿಟಕಿ ಪಟ್ಟನೆ ಮುಚ್ಚಿಕೊಂಡಿತು, ಮತ್ತು ಆ ಎಲ್ಲ ಸದ್ದಿನ ಕೆಳಗಿನಿಂದ, ಓಣಿಯ ತಿರುವಿನಲ್ಲಿ, ಒಂದು ಟೆಂಪೋ ಕೆಮ್ಮಿತು.

ಸೈರನ್ನು ಆರಿಸಿ ಬಾಗಿಲು ತೆಗೆದರೆ ಆಶಿಕ ಮೆಟ್ಟಿಲ ಮೇಲೆ ನಿಂತಿದ್ದಾನೆ, ಒಳಗೂ ಬಂದಿಲ್ಲ, ಮುಗೀತು ನೋಡು, ನನ್ನ ಕಿವಿಲೇ ಕೇಳಿದೆ, ಕಟ್ಟು ಸಾಮಾನು, ಅನ್ನುತ್ತಾನೆ, ಹಿಂದೆ ಅಮ್ಮ ಮಕ್ತುಮಬಿ ಟೆಂಪೋದಿಂದ ಇಳಿಯುತ್ತ, ಕೈಯಲ್ಲಿ ಇನ್ನೊಂದು ಪೊಟ್ಟಣ, ಯಾ ಅಲ್ಲಾ, ಈಗಿಂದೀಗ ಹಿಡೀತೀನಿ ತಡೀರಿ, ಎದುರಿನಿಂದ ಮಾನವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದು, ಮದುಮಗಾ ಇವತ್ತ ಮಾವನ ಮನಿಯವರ್ನ ಕಂಡು ಒದರಿದ ನೋಡ್ರಿ, ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ನಾಹೀದಳಿಗೆ ನಗು ಬರುತ್ತಿದೆ, ಅಳು ಬರುವ ಹೊತ್ತಿನಲ್ಲಿ ನಗು, ಭಾಯಿ, ಒಂದ ಮಾತು, ಒಂದ ಸಲ ಹಿಂದಿನ ಕೋಣ್ಯಾಗ ಬಂದು ಕುಂದ್ರು, ಆಮ್ಯಾಲೆ ನೀ ಹೇಳಿದಂಗ, ಮಷೀನ್ ನಾನ ಹೊರತೀನಿ — ಏನದು ನಾಟಕ, ಮೋದಿನಸಾಬಗ ಹೊತ್ತಾಗತೈತಿ — ನಾಟಕ ಅಲ್ಲ ಭಾಯಿ, ನೀನ ಹೇಳಿದ್ದು, ಅದಕ್ಕ ಕಣ್ಣಿಲ್ಲ ಅಂತ. ಅವಳು ಕುಡಿಕೆಯನ್ನು ಎತ್ತಿ ಹೊರಗಿನ ಕಟ್ಟೆಯ ಮೇಲಿಟ್ಟಳು, ಬಾಗಿಲು ಹಾಕಿದಳು, ಹೊಗೆಯೆಲ್ಲ ಹೋಗಲೆಂದು ಕಿಟಕಿ ತೆರೆದು ಕಾದು ಮತ್ತೆ ಮುಚ್ಚಿದಳು, ಎಲ್ಲರನ್ನೂ ಕೌದಿಯ ಹಿಂದೆ ತಳ್ಳಿ ಬೀಗ ಒತ್ತಿದಳು, ಟುಯ್ಯಿ, ಹಿಂದಿನ ಕೋಣೆಯಲ್ಲಿದ್ದ ಮೇನ್ ಸ್ವಿಚ್ಚನ್ನು ಇಳಿಸಿದಳು, ಕತ್ತಲೆಯಲ್ಲಿ ನಾಲ್ಕು ಉಸಿರು, ಮಾನವ್ವನ ಕೈಯ ಹಿಟ್ಟಿನ ವಾಸನೆ, ಅಮ್ಮನ ತಸಬಿಯ ಮಣಿಗಳ ಸದ್ದು, ಈಗ, ಎಂದು ಮೇಲೆತ್ತಿದಳು — ಬಲ್ಬು, ಫ್ಯಾನು ಒಂದು ಸುತ್ತು, ಎರಡು ಸುತ್ತು, ಪೂರ್ತಿ ಜೋರು, ಯಂತ್ರದ ಮೇಲಿನ ಬಟ್ಟೆಯ ತುಂಡು ಪಟಪಟ ಹೊಡೆದುಕೊಂಡಿತು, ಮೂಲೆಯ ದೀಪ ಹತ್ತಲಿಲ್ಲ, ಕಾಯುತ್ತಾರೆ, ಹತ್ತಲಿಲ್ಲ, ಕೆಂಪಂಚಿನ ಟೋಪಿಯ ಮದುಮಗ ತಣ್ಣಗೆ ಕುಳಿತಿದ್ದಾನೆ.

ಅದಕ್ಕೇನು, ದಿನಾ ಸುಮ್ಮನ ಇರತೈತಲ್ಲ ಅದು, ಅಂದ ಆಶಿಕ, ಆದರೆ ದನಿಯಲ್ಲಿ ಟೆಂಪೋ ಹೇರುವ ಅವಸರ ಇರಲಿಲ್ಲ. ಅಮ್ಮನಿಗೆ ಮಾತ್ರ ಸಿಟ್ಟು, ಏನ್ ಹೇಳಾಕತ್ತೀ ನೀ, ನನ್ನ ಲೋಬಾನ ಒದರಸತೈತಿ ಅಂತೀಯೇನು, ಕೊಡು ಇತ್ತ, ಎಂದು ತಾನೇ ಹೊರಗೆ ಹೋಗಿ ಕುಡಿಕೆಗೆ ಹೊಸ ಪೊಟ್ಟಣದಿಂದ ಒಂದು ಹಿಡಿ ಸುರಿದು, ಬಿಸ್ಮಿಲ್ಲಾ ಎಂದು ಡಬ್ಬಿಯ ಕೆಳಗಿಟ್ಟು, ಸೆರಗು ಸಾವರಿಸಿಕೊಂಡು, ಗೆದ್ದವಳ ಹಾಗೆ ಕೌದಿಯ ಹಿಂದೆ ಬಂದು ಕುಳಿತಳು, ಬೀಗ, ಟುಯ್ಯಿ, ಸ್ವಿಚ್ಚು ಕೆಳಗೆ, ಸ್ವಿಚ್ಚು ಮೇಲೆ, ಫ್ಯಾನು ಇನ್ನೂ ಎರಡನೆಯ ಸುತ್ತಿಗೆ ಬಂದಿರಲಿಲ್ಲ — ಒದರಿತು ನೋಡಿ, ಅಮ್ಮ ಎರಡೂ ಕಿವಿ ಮುಚ್ಚಿಕೊಂಡಳು, ಮಾನವ್ವ ನಗುನಗುತ್ತ ಗೋಡೆಗೆ ಒರಗಿ, ಅಯ್ಯ ನಮ್ಮವ್ವ, ದೆವ್ವಾ ಓಡಸೂ ಹೊಗೀನ ದೆವ್ವಾ ಆತಲ್ರೀ, ಇಷ್ಟ್ ದಿನಾ ಪೊಟ್ಟಣ ಕಳಿಸಿ ಕಳಿಸಿ ದೆವ್ವಾನ್ನ ಸಾಕಿದ್ರಿ ನೀವು, ಅಂದಳು, ಅಮ್ಮ ಒಂದು ಗಳಿಗೆ ಬಿಗಿಮುಖ ಮಾಡಿ ನೋಡಿದಳು, ಆಮೇಲೆ ಅವಳ ಹೊಟ್ಟೆ ಅಲುಗತೊಡಗಿತು, ಆಮೇಲೆ ಹೆಗಲು, ಆಮೇಲೆ ಬಾಯಿಗೆ ಸೆರಗು ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು, ನಕ್ಕಳು, ನಾಹೀದ ಅಮ್ಮನ ಈ ನಗುವನ್ನು ಅಪ್ಪ ಹೋದ ಮೇಲೆ ಕಂಡಿರಲಿಲ್ಲ. ಇನ್ನ ಮ್ಯಾಲೆ ಹಿಡಿಯೂದೆಲ್ಲಾ ಹಿಡಿದು ಕುಡಿಕೀನ ಹೊರಗ ಕಟ್ಟಿ ಮ್ಯಾಲೆ ಇಟ್ಟು ಬೀಗಾ ಒತ್ತತೀನಿ ಅಮ್ಮಾ, ಫ್ಯಾನಿನ ಸ್ವಿಚ್ ಆರಸ್ತೀನಿ, ಓಣ್ಯಾಗಿನವರಿಗೆಲ್ಲಾ ನಾನ ಹೇಳ್ತೀನಿ, ಇನ್ನ ಒದರಿದ್ರ ಖರೇ ಅಂತ ತಿಳೀರಿ ಅಂತ — ಬಡಿಗಿ ನಾ ತರ್ತೀನಿ ಬಿಡು, ಅಂದಳು ಮಾನವ್ವ, ನನಗ ಹೇಳೂದ ಬ್ಯಾಡ.

ಸೈರನ್ನು ಇನ್ನೂ ಒದರುತ್ತಲೇ ಇದೆ, ಎಲ್ಲರೂ ನಗುವುದರಲ್ಲಿ ಮರೆತಿದ್ದಾರೆ, ಆಶಿಕ ಜೇಬಿನಿಂದ ಕೀಲಿಗೊಂಚಲು ತೆಗೆದು ತನ್ನ ರಿಮೋಟನ್ನು ಒತ್ತುತ್ತಾನೆ, ನಿಲ್ಲುವುದಿಲ್ಲ, ಮತ್ತೆ ಒತ್ತುತ್ತಾನೆ, ಅಲ್ಲಾಡಿಸಿ ಒತ್ತುತ್ತಾನೆ, ನಿಲ್ಲುವುದಿಲ್ಲ, ನಾಹೀದ ತನ್ನದನ್ನು ಒತ್ತಿದಳು, ನಿಂತಿತು, ಆ ಹಠಾತ್ ಮೌನದಲ್ಲಿ ಅವಳ ಕೈ ಅವನ ಗೊಂಚಲಿನ ಕಡೆ ಹೋಯಿತು, ತಾ ಇಲ್ಲೆ ಭಾಯಿ, ಸೆಲ್ ಹೋಗೇತಿ, ಎಂದು ಬೆಳಕಿಗೆ ಹಿಡಿದಳು — ಇದು ಹೇಗೆ, ತನ್ನದು ದಿನವೂ ಬಳಸಿದ್ದು ಇನ್ನೂ ಹೊಸದರ ಹಾಗಿದೆ, ಇವನದು ಜೇಬಿನಲ್ಲಿ ಸುಮ್ಮನೆ ಇದ್ದದ್ದು, ತೆರೆದ ಬೀಗದ ಗುಂಡಿ ಕರ್ರಗೆ ಹೊಸದಾಗಿಯೇ ಇದೆ, ಒಂದು ಗೀರಿಲ್ಲ, ಮುಚ್ಚಿದ ಬೀಗದ ಗುಂಡಿಯ ಮೇಲೆ ಚಿತ್ರವೇ ಇಲ್ಲ, ಸವೆದು ಹೋಗಿದೆ, ಕೊಂಡಿಯಿಲ್ಲ, ಕೀಲಿಕೈಯ ತೂತಿಲ್ಲ, ಹೆಬ್ಬೆರಳಿನ ಅಳತೆಯ ಒಂದು ನುಣುಪು ತಗ್ಗು. ಭಾಯಿ, ಇದೇನಿದು — ಏನಿಲ್ಲ, ಕೊಡು ಇತ್ತ — ಅಮ್ಮ ಕಣ್ಣೊರೆಸಿಕೊಳ್ಳುತ್ತ, ಏನಿಲ್ಲಂತ, ದಿನಾ ಸಂಜಿ ನಮಾಜ ಮುಗಿಸಿ ಮಾಳಿಗಿ ಹತ್ತತಾನ, ರೋಣದ ಕಡೆ ಮಾರಿ ಮಾಡಿ ನಿಂದ್ರತಾನ, ಒತ್ತತಾನ, ನಾ ಹೇಳೇ ಹೇಳಿದೆ, ಹುಚ್ಚಾ, ಅದು ನಮ್ಮ ಓಣೀನ ದಾಟೂದಿಲ್ಲ, ಸೂಡಿ ಹ್ಯಾಂಗ ದಾಟೀತು ಅಂತ — ಅಮ್ಮಾ ನೀ ಸುಮ್ಮನಿರು, ಅಂದ ಆಶಿಕ, ಕಿವಿ ಕೆಂಪಾಗಿ, ಆ ದೊಡ್ಡ ಮೀಸೆಯ ಕೆಳಗೆ ಗೋಲಿ ಬಚ್ಚಿಟ್ಟ ಹುಡುಗನ ಮುಖ. ಹೊರಗಿನಿಂದ ಮೋದಿನಸಾಬ ಕೂಗುತ್ತಾನೆ, ಏನ್ರೀ ಆಶಿಕಭಾಯಿ, ಮಷೀನ್ ಹೇರೂದ ಹ್ಯಾಂಗ, ಮತ್ತು ಆಶಿಕ ಅವಳನ್ನು ನೋಡದೆ, ಸಾವಕ್ಕನ ಸೀರೆಯಿದ್ದ ಪೆಟ್ಟಿಗೆಯನ್ನು ನೋಡುತ್ತ, ಹೇರೂದಿಲ್ಲೋ, ಗಾಡಿ ತಿರುಗಸು, ಅಂದ.

ತಿರುಗಸು, ಅಂದ, ಅಂದನಲ್ಲವೇ, ಹೌದು, ಅಂದ — ಬಾಗಿಲ ತನಕ ಹೋಗುತ್ತಾಳೆ, ಅಮ್ಮ ಉಳಿದ ಲೋಬಾನದ ಪೊಟ್ಟಣವನ್ನು ಮಾನವ್ವನ ಕೈಗೆ ಹಾಕುತ್ತಿದ್ದಾಳೆ, ನೀವೂ ಹಿಡೀರಿ ಚಲೋ ಆಕ್ಕೈತಿ, ಕಟ್ಟೆಯ ಮೇಲೆ ಕುಡಿಕೆ ಯಾರನ್ನೂ ಎಬ್ಬಿಸದೆ ಹೊಗೆಯಾಡುತ್ತಿದೆ, ಭಾಯಿ ಅದನ್ನ ಇಲ್ಲೇ ಬಿಡು, ಬಸ್ ಸ್ಟ್ಯಾಂಡಿನ ಗಡಿಯಾರದ ಅಂಗಡ್ಯಾಗ ಹೊಸಾ ಸೆಲ್ ಹಾಕಿಸಿ ಕಳಸ್ತೀನಿ, ಅನ್ನುತ್ತಾಳೆ, ಅವನು ಗೊಂಚಲನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಅಲ್ಲಿಂದ ಒತ್ತಾಕ ಸೆಲ್ ಯಾಕ ಬೇಕಬೇ, ಅಂದು ಟೆಂಪೋ ಹತ್ತಿದ. ಕೆಮ್ಮಿತು, ತಿರುವಿನಲ್ಲಿ ಇನ್ನೊಮ್ಮೆ ಕೆಮ್ಮಿತು, ಹೋಯಿತು, ಸೂಡಿ ದಾಟಬೇಕು ಇನ್ನು, ಮನೆ ಮುಟ್ಟಬೇಕು, ಮಾಳಿಗೆ ಹತ್ತಬೇಕು, ಈ ಡಬ್ಬಿ ಎಷ್ಟು ದಿನ ಬಾಳುತ್ತದೋ, ಪಟ್ಟಿ ಹರಿದರೆ ಹೊಲಿಯಬಹುದು, ಬ್ಯಾಟರಿ ತೀರಿದರೆ ಹಾಕಬಹುದು, ಪೂರಾ ಕೆಟ್ಟರೆ ಇನ್ನೊಂದು ತರಬಹುದು, ನಾಳೆ ಹೆಂಗಸರು ಬರುತ್ತಾರೆ, ಕಾಲರು ಕತ್ತರಿಸುವುದನ್ನು ಕಲಿಸಬೇಕು, ಸಾವಕ್ಕನಿಗೆ ಸುದ್ದಿ ಮುಟ್ಟಿಸಬೇಕು, ಸೀರೆ ಬಂದೋಬಸ್ತಾಗಿದೆ ಅಂತ, ಬಾಗಿಲು ಹಾಕಬೇಕು, ಮಾನವ್ವ ರೊಟ್ಟಿ ಆರತಾವ ಬಾರಬೇ ಅನ್ನುತ್ತಿದ್ದಾಳೆ, ಹೆಬ್ಬೆರಳು ತನ್ನ ಬೀಗದ ಮೇಲಿದೆ, ಇನ್ನೂ ಬೆಳ್ಳಗಿದೆ ಇವಳದು, ಅಚ್ಚುಕಟ್ಟಾಗಿದೆ, ಕೀಲಿಕೈಯ ತೂತು ಕೂಡ ಕಾಣುತ್ತದೆ, ಅವನದರ ಮೇಲೆ ಮಾತ್ರ ಏನೂ ಇಲ್ಲ, ಬೀಗವಿಲ್ಲ, ಕೊಂಡಿಯಿಲ್ಲ, ಒಂದು ನುಣುಪು ತಗ್ಗು, ಹೆಬ್ಬೆರಳಿನಷ್ಟು, ಅವನ ಹೆಬ್ಬೆರಳಿನಷ್ಟೇ —